ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ತೆವಳುತ್ತಿದೆಯೆ? ಮೊದಲು ಅಳೆಯಿರಿ, ಆಮೇಲೆ ಕೈ ಹಚ್ಚಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಗ್ಗದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದೆ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಸಿಕೊಂಡವರಲ್ಲಿ ನೀವೂ ಒಬ್ಬರಿರಬಹುದು. ಯಂತ್ರ ಚುರುಕಾಗಿದೆ, ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ, ವೈರಸ್ ಕಾಟವೂ ಕಡಿಮೆ. ಕೊರತೆ ಒಂದೇ: ಇಂಟರ್ನೆಟ್. ಮುಂಬಯಿಯ ಮುಲುಂಡಿನ ಫ್ಲ್ಯಾಟಿನ ಹಾಲ್‌ನಲ್ಲಿ ಕೂತರೆ ಸರಿ, ಬೆಡ್‌ರೂಮಿಗೆ ಹೋದರೆ ಪುಟವೇ ತೆರೆಯದು. ಕುಂದಾಪುರದ ಮನೆಗೆ ಹಚ್ಚಿದ ವಿಡಿಯೊ ಕಾಲ್ ನಡುವೆ ಕಡಿದುಹೋಗುತ್ತದೆ. ಅದೇ ಜಾಗದಲ್ಲಿ ಮೊಬೈಲ್ ಮಾತ್ರ ಸಲೀಸಾಗಿ ಓಡುತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ ಲಿನಕ್ಸನ್ನೇ ತೆಗೆದುಹಾಕುತ್ತಾರೆ, ಇಲ್ಲವೆ ಎಲ್ಲೋ ಸಿಕ್ಕಿದ ಹತ್ತಾರು ಆಜ್ಞೆಗಳನ್ನು ಒಂದರ ಹಿಂದೆ ಒಂದರಂತೆ ಹಾಕಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಎರಡೂ ಬೇಡ. ತೊಂದರೆ ಎಲ್ಲಿದೆ ಎಂದು ಹತ್ತು ನಿಮಿಷ ಅಳೆದು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಬೇಕಾಗುವುದು ಒಂದೊಂದೇ ಬದಲಾವಣೆ.

ಒಂದು ಸೂಚನೆ: ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನು ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ದಾರಿ ಎರಡು ತುಂಡು

ನಿಮ್ಮ ಲ್ಯಾಪ್‌ಟಾಪಿನಿಂದ ಹೊರಜಗತ್ತಿಗೆ ಹೋಗುವ ದಾರಿಯಲ್ಲಿ ಎರಡು ತುಂಡುಗಳಿವೆ. ಲ್ಯಾಪ್‌ಟಾಪಿನಿಂದ ರೂಟರ್‌ವರೆಗೆ ಗಾಳಿಯಲ್ಲಿ ಹೋಗುವುದು ಮೊದಲನೆಯದು. ರೂಟರ್‌ನಿಂದ ಕಂಪನಿಯವರ ಕೇಬಲ್ ಮೂಲಕ ಆಚೆ ಹೋಗುವುದು ಎರಡನೆಯದು. ಮೊದಲ ತುಂಡು ನಿಮ್ಮ ಕೈಯಲ್ಲಿದೆ, ಎರಡನೆಯದು ಕಂಪನಿಯ ಕೈಯಲ್ಲಿ. ಸ್ಪೀಡ್ ಟೆಸ್ಟ್ ಎರಡನ್ನೂ ಸೇರಿಸಿ ಒಂದೇ ಅಂಕಿ ಹೇಳುವುದರಿಂದ ತಪ್ಪು ಯಾವ ತುಂಡಿನದು ಎಂದು ಅದರಿಂದ ತಿಳಿಯುವುದಿಲ್ಲ.

ಬೇರೆ ಮಾಡಿ ನೋಡುವುದು ಹೀಗೆ:

1. ಟರ್ಮಿನಲ್‌ನಲ್ಲಿ ‘ಐಪಿ ರೂಟ್’ ಎಂದು ಹಾಕಿ. ‘ಡೀಫಾಲ್ಟ್ ವಯಾ’ ಎಂಬುದರ ಮುಂದೆ 192.168.1.1 ತರಹದ ಒಂದು ಸಂಖ್ಯೆ ಬರುತ್ತದೆ. ಅದೇ ನಿಮ್ಮ ರೂಟರ್‌ನ ವಿಳಾಸ.

2. ಎರಡು ಟರ್ಮಿನಲ್ ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ‘ಪಿಂಗ್’ ಎಂದು ಬರೆದು ರೂಟರ್ ವಿಳಾಸ ಕೊಡಿ. ಇನ್ನೊಂದರಲ್ಲಿ ‘ಪಿಂಗ್ 8.8.8.8’ ಎಂದು ಕೊಡಿ. ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ವಿಳಾಸ. ಎರಡೂ ಒಂದೆರಡು ನಿಮಿಷ ಓಡಲಿ. ಆಮೇಲೆ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿ. ಕೊನೆಯಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋದವು ಎಂಬ ಲೆಕ್ಕ ಸಿಗುತ್ತದೆ.

3. ಈಗ ಅಂಕಿ ಓದಿ. ರೂಟರ್‌ನಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು, ಒಂದೂ ಕಳೆದುಹೋಗಬಾರದು. ಅದು 3, 4, 3 ಎಂದು ಬರುತ್ತಾ ಇದ್ದಕ್ಕಿದ್ದಂತೆ 250, 800 ಆದರೆ ಅಥವಾ ನಡುವೆ ಸಾಲುಗಳೇ ತಪ್ಪಿಹೋದರೆ ತೊಂದರೆ ಮನೆಯೊಳಗಿದೆ.

4. ರೂಟರ್ ಚೆನ್ನಾಗಿ ಉತ್ತರಿಸಿ 8.8.8.8 ಮಾತ್ರ ತಡವರಿಸಿದರೆ ತೊಂದರೆ ಹೊರಗಿನದು. ಲ್ಯಾಪ್‌ಟಾಪ್ ಮುಟ್ಟಬೇಡಿ, ಕಂಪನಿಗೆ ಫೋನ್ ಮಾಡಿ. ಅದಕ್ಕೂ ಮೊದಲು ಮನೆಯ ಯಾವುದಾದರೂ ಮೊಬೈಲ್ ಫೋಟೊಗಳನ್ನು ಬ್ಯಾಕಪ್‌ಗೆ ಕಳಿಸುತ್ತಿದೆಯೇ ನೋಡಿ. ಒಬ್ಬರ ಅಪ್‌ಲೋಡ್ ರೂಟರ್‌ನ ಸಾಲನ್ನು ತುಂಬಿಸಿ ಉಳಿದವರೆಲ್ಲರನ್ನೂ ಕಾಯಿಸುತ್ತದೆ.

5. ಎರಡೂ ಚೆನ್ನಾಗಿದ್ದು ವೆಬ್‌ಸೈಟ್ ಮಾತ್ರ ತಡವಾಗಿ ತೆರೆದರೆ ಡಿಎನ್‌ಎಸ್ ಕಡೆ ನೋಡಬೇಕು. ಅದು ಮುಂದೆ ಬರುತ್ತದೆ.

ಮಳೆಗಾಲದಲ್ಲಿ ಈ ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಹೊರಗಿನ ಮಳೆ ಮನೆಯೊಳಗಿನ ವೈಫೈಯನ್ನು ತಡೆಯುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಕೇಬಲ್, ಜೋಡಣೆಯ ಡಬ್ಬಿಗಳು, ಅವುಗಳಿಗೆ ಬರುವ ವಿದ್ಯುತ್ತು ಮಾತ್ರ ಮಳೆಗೆ ಸಿಕ್ಕಿಬೀಳುತ್ತವೆ. ಜುಲೈನಲ್ಲಿ ಮಳೆ ಹಿಡಿದ ದಿನವೇ ಇಂಟರ್ನೆಟ್ ಹೋಗುತ್ತದೆಂದರೆ ಎರಡನೆಯ ತುಂಡನ್ನು ಮೊದಲು ಶಂಕಿಸಿ.

ಸಿಗ್ನಲ್ ಎಷ್ಟಿದೆ?

ಪರದೆಯ ಮೂಲೆಯ ಗೆರೆಗಳನ್ನು ನಂಬಿ ಕೂರಬೇಡಿ. ‘ಐಡಬ್ಲ್ಯೂ ಡೆವ್’ ಎಂದು ಹಾಕಿದರೆ ನಿಮ್ಮ ವೈಫೈ ಕಾರ್ಡಿನ ಹೆಸರು ಸಿಗುತ್ತದೆ. ಸಾಮಾನ್ಯವಾಗಿ ಡಬ್ಲ್ಯೂ ಅಕ್ಷರದಿಂದ ಶುರುವಾಗುತ್ತದೆ. ಆಮೇಲೆ ‘ಐಡಬ್ಲ್ಯೂ ಡೆವ್’, ಆ ಹೆಸರು, ‘ಲಿಂಕ್’ ಎಂದು ಕೊಡಿ. ಸಿಗ್ನಲ್ ಎಂಬ ಸಾಲಿನಲ್ಲಿ -58 ಡಿಬಿಎಂ ಎಂಬಂಥ ಋಣ ಸಂಖ್ಯೆ ಬರುತ್ತದೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. -50 ಬಲು ಚೆನ್ನಾಗಿದೆ, -65ರವರೆಗೆ ವಿಡಿಯೊ ಕಾಲ್‌ಗೂ ಸಾಕು. -75 ದಾಟಿದರೆ ಎಳೆದಾಟ ಶುರು, -80ರ ಆಚೆ ಕಡಿತ ಖಚಿತ. ಈ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿದಂತೆ. ಆದ್ದರಿಂದ -60ಕ್ಕೂ -70ಕ್ಕೂ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಇದೇ ಪರೀಕ್ಷೆಯನ್ನು ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ ಒಮ್ಮೆ, ನೀವು ದಿನವೂ ಕೂರುವ ಜಾಗದಲ್ಲಿ ಒಮ್ಮೆ ಮಾಡಿ. ಹತ್ತಿರದಲ್ಲಿ -40 ಇದ್ದು ಬೆಡ್‌ರೂಮಿನಲ್ಲಿ -78 ಆದರೆ ಅದು ಗೋಡೆಯ ಸಮಸ್ಯೆ. ರೂಟರ್ ಪಕ್ಕದಲ್ಲೇ ಕೂತರೂ -65ರ ಆಸುಪಾಸಿನಲ್ಲಿದ್ದರೆ ಲ್ಯಾಪ್‌ಟಾಪಿನ ಆಂಟೆನಾದಲ್ಲೋ ಡ್ರೈವರ್‌ನಲ್ಲೋ ಹುಳುಕಿದೆ.

ಗೋಡೆಯ ಸಮಸ್ಯೆಗೆ ಮುಲುಂಡಿನ ಕಟ್ಟಡಗಳಲ್ಲಿ ಕಾರಣಗಳು ಕಣ್ಣಿಗೇ ಬೀಳುತ್ತವೆ. ಕೇಬಲ್‌ನವರು ತಂತಿ ಉಳಿಸಲು ರೂಟರನ್ನು ಮುಖ್ಯ ಬಾಗಿಲ ಪಕ್ಕದಲ್ಲೇ ಹಾಕಿ ಹೋಗಿರುತ್ತಾರೆ. ಅಲ್ಲಿಂದ ಒಳಕೋಣೆಗೆ ನಡುವೆ ಸರಳು ತುಂಬಿದ ಕಾಂಕ್ರೀಟ್ ಗೋಡೆ, ಬಾತ್‌ರೂಮ್, ಅದರ ಮೇಲಿನ ಅಟ್ಟದಲ್ಲಿ ನೀರಿನ ಟ್ಯಾಂಕ್, ಕಬ್ಬಿಣದ ಕಪಾಟು. ಕಬ್ಬಿಣ ಅಲೆಯನ್ನು ತಿರುಗಿಸಿ ಕಳಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ರೂಟರನ್ನು ಮನೆಯ ನಡುವಿಗೆ, ನೆಲದಿಂದ ಐದಾರು ಅಡಿ ಎತ್ತರಕ್ಕೆ, ಟಿವಿಯ ಹಿಂಬದಿಯಿಂದ ಈಚೆಗೆ ತಂದರೆ ಒಂದು ರೂಪಾಯಿ ಖರ್ಚಿಲ್ಲದೆ ಸಿಗ್ನಲ್ ಏರುತ್ತದೆ. ಉದ್ದದ ಕೇಬಲ್ ಹಾಕಿಕೊಡಿ ಎಂದು ಕೇಳಲು ಸಂಕೋಚ ಬೇಡ.

ಗಾಳಿಯಲ್ಲಿ ಗದ್ದಲ

ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳು ಹದಿಮೂರು ಇದ್ದರೂ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು 1, 6, 11 ಮೂರೇ. ಹಳೆಯ ಸೊಸೈಟಿಗಳು ಮರುನಿರ್ಮಾಣಗೊಂಡು ಗೋಪುರಗಳಾಗುತ್ತಿರುವ ಮುಲುಂಡಿನಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಈ ಮೂರರಲ್ಲೇ ಸರದಿ ಕಾಯುತ್ತವೆ. ಬ್ಲೂಟೂತ್ ಇಯರ್‌ಫೋನ್, ಮೈಕ್ರೊವೇವ್ ಒಲೆ, ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್‌ನಿಂದ ಸೋರುವ ಗದ್ದಲ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ.

‘ಎನ್‌ಎಂಸಿಎಲ್‌ಐ ಡೆವ್ ವೈಫೈ ಲಿಸ್ಟ್’ ಎಂದು ಹಾಕಿ ನೋಡಿ. ಸುತ್ತಲಿನ ವೈಫೈ ಹೆಸರುಗಳು, ಅವುಗಳ ಚಾನೆಲ್, ಬಲ ಪಟ್ಟಿಯಾಗಿ ಬರುತ್ತವೆ. ಚಾನೆಲ್ 1ರಿಂದ 13ರೊಳಗೆ ಹೆಸರುಗಳು ಕಿಕ್ಕಿರಿದಿದ್ದರೆ ಹೀಗೆ ಮಾಡಿ:

1. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಬೇರೆ ಹೆಸರು ಕೊಡಿ, ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿ. 2.4ರಲ್ಲಿ 20 ಮೆಗಾಹರ್ಟ್ಸ್ ಅಗಲದಲ್ಲಿ ಒಂದೇ ಸಾಲಿನ (ಸ್ಟ್ರೀಮ್) ಸಾಮಾನ್ಯ ಕಾರ್ಡಿಗೆ ಸಿಗುವ ಗರಿಷ್ಠ ಲಿಂಕ್ 72 ಮೆಗಾಬಿಟ್. ಕೈಗೆ ದಕ್ಕುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ನೀವು 200 ಮೆಗಾಬಿಟ್‌ಗೆ ಹಣ ಕಟ್ಟಿದ್ದರೂ ಅಷ್ಟೇ. 5ರಲ್ಲಿ ಅದೇ ಒಂದು ಸಾಲು 433ರವರೆಗೆ ಹೋಗುತ್ತದೆ.

2. 5 ಗಿಗಾಹರ್ಟ್ಸ್ ಗೋಡೆ ದಾಟುವುದು ಕಷ್ಟ. ಎರಡು ಗೋಡೆಯಾಚೆ ಕೂರುವವರು 2.4ರಲ್ಲೇ ಉಳಿಯಬೇಕಾದರೆ ರೂಟರ್‌ನಲ್ಲಿ ಚಾನೆಲನ್ನು 1, 6, 11ರಲ್ಲಿ ಕಡಿಮೆ ಜನವಿರುವುದಕ್ಕೆ ಕಟ್ಟಿಹಾಕಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 40ಕ್ಕೆ ಇಟ್ಟರೆ ನೆರೆಯವರೊಂದಿಗೆ ಡಿಕ್ಕಿಯೇ ಹೆಚ್ಚು.

3. 5ರಲ್ಲೂ ಆಗಾಗ ಒಂದು ನಿಮಿಷ ಸಂಪರ್ಕ ಹೋಗಿ ತಾನಾಗಿ ಬರುತ್ತಿದ್ದರೆ ರೂಟರ್ ಯಾವ ಚಾನೆಲ್‌ನಲ್ಲಿದೆ ನೋಡಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈಫೈ ರಾಡಾರ್‌ಗಳ ಜೊತೆ ಹಂಚಿಕೊಂಡಿದೆ. ರಾಡಾರ್ ಅಲೆ ಕಂಡಿತು ಅನ್ನಿಸಿದ ಕೂಡಲೇ ರೂಟರ್ ಆ ಚಾನೆಲ್ ಬಿಟ್ಟು ಹೋಗುವಂತೆ ಅದನ್ನು ಮಾಡಿರುತ್ತಾರೆ. ಅಂಧೇರಿ ಪೂರ್ವದ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ಸಿ-ಬ್ಯಾಂಡ್ ಡಾಪ್ಲರ್ ರಾಡಾರ್ 2022ರಿಂದ ಇದೆ. ಇಂಥ ರಾಡಾರ್‌ಗಳು ಕೆಲಸ ಮಾಡುವುದು 5.6 ಗಿಗಾಹರ್ಟ್ಸ್ ಸುತ್ತಮುತ್ತ, ಅಂದರೆ ವೈಫೈಯ ಈ ನಡುಪಟ್ಟಿಯಲ್ಲೇ. ಮುಂಬಯಿಯ ಮನೆಗಳಲ್ಲಿ 36ರಿಂದ 48 ಅಥವಾ 149ರಿಂದ 161ರ ನಡುವಿನ ಚಾನೆಲ್ ಆರಿಸಿಕೊಳ್ಳುವುದು ನೆಮ್ಮದಿ.

ಲ್ಯಾಪ್‌ಟಾಪಿನೊಳಗೆ: ಐದು ಪರಿಶೀಲನೆ

ರೂಟರ್ ಪಕ್ಕದಲ್ಲೇ ಮೊಬೈಲ್ ಚೆನ್ನಾಗಿ ಓಡಿ ಲ್ಯಾಪ್‌ಟಾಪ್ ಮಾತ್ರ ತೊದಲಿದರೆ ಇವನ್ನು ಇದೇ ಕ್ರಮದಲ್ಲಿ ನೋಡಿ.

1. ವಿದ್ಯುತ್ ಉಳಿತಾಯ. ರೂಟರ್ ಸಾಮಾನ್ಯವಾಗಿ ಪ್ರತಿ 102 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಉಳಿತಾಯ ಚಾಲೂ ಇದ್ದರೆ ಕಾರ್ಡು ಈ ಸಾರುವಿಕೆಗಳ ನಡುವೆ ನಿದ್ದೆ ಮಾಡುತ್ತದೆ, ಅದಕ್ಕೆ ಬಂದ ಪ್ಯಾಕೆಟ್‌ಗಳು ರೂಟರ್‌ನಲ್ಲಿ ಕಾದಿರುತ್ತವೆ. ಕೆಲವು ಕಾರ್ಡುಗಳು ಏಳುವುದರಲ್ಲಿ ಸೋಮಾರಿ. ಪಿಂಗ್ ಅಂಕಿ 3ರಿಂದ 100, 200ಕ್ಕೆ ಜಿಗಿದಾಡಲು ಇದೊಂದು ಸಾಮಾನ್ಯ ಕಾರಣ. ಪರೀಕ್ಷೆಗೆ ‘ಸುಡೋ ಐಡಬ್ಲ್ಯೂ ಡೆವ್’, ಕಾರ್ಡಿನ ಹೆಸರು, ‘ಸೆಟ್ ಪವರ್_ಸೇವ್ ಆಫ್’ ಎಂದು ಕೊಟ್ಟು ಪಿಂಗ್ ಮತ್ತೆ ನೋಡಿ. ಅಂಕಿ ಶಾಂತವಾದರೆ ಶಾಶ್ವತ ಮಾಡಿಕೊಳ್ಳಿ: ಉಬುಂಟುವಿನಲ್ಲಿ ಈಟಿಸಿ ಫೋಲ್ಡರಿನ ನೆಟ್‌ವರ್ಕ್‌ಮ್ಯಾನೇಜರ್ ಒಳಗೆ ಕಾನ್ಫ್.ಡಿ ಎಂಬಲ್ಲಿ ‘ವೈಫೈ ಪವರ್‌ಸೇವ್ ಆನ್’ ಎಂದು ಕೊನೆಗೊಳ್ಳುವ ಫೈಲ್ ಇರುತ್ತದೆ. ಅದರಲ್ಲಿನ 3ನ್ನು 2 ಮಾಡಿ ಯಂತ್ರ ಮರುಚಾಲೂ ಮಾಡಿ. 3 ಎಂದರೆ ಉಳಿತಾಯ ಇರಲಿ, 2 ಎಂದರೆ ಬೇಡ. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಅಷ್ಟೆ.

2. ಕಾರ್ಡು ಯಾವುದು, ಡ್ರೈವರ್ ಯಾವುದು. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಹಾಕಿ ‘ನೆಟ್‌ವರ್ಕ್ ಕಂಟ್ರೋಲರ್’ ಇರುವ ಸಾಲು ಹುಡುಕಿ. ಅದರ ಕೆಳಗೇ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದು ಬರೆದಿರುತ್ತದೆ. ಇಂಟೆಲ್ ಕಾರ್ಡುಗಳಿಗೆ ಬೆಂಬಲ ಸಾಮಾನ್ಯವಾಗಿ ಒಳ್ಳೆಯದು. ಬ್ರಾಡ್‌ಕಾಮ್ ಕಾರ್ಡಿದ್ದರೆ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದು ಅದು ಸೂಚಿಸಿದ ಡ್ರೈವರ್ ಹಾಕಿ. ಡೆಬಿಯನ್‌ನವರಿಗೆ 2023ರ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ.

3. ಒಂಟಿ ಆಂಟೆನಾದ ತೊಂದರೆ. ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ಕಾರ್ಡು ಹಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಂದಿತ್ತು. ಕಾರ್ಡಿನ ಮೇಲೆ ಆಂಟೆನಾ ತಂತಿ ಕೂರಿಸಲು ಸಾಸಿವೆಯಷ್ಟು ಚಿಕ್ಕ ಎರಡು ಚಿನ್ನದ ಬಣ್ಣದ ಬಟನ್‌ಗಳಿವೆ. ತಯಾರಕರು ಒಂದಕ್ಕೆ ಮಾತ್ರ ತಂತಿ ಕೊಟ್ಟಿರುತ್ತಾರೆ. ಡ್ರೈವರ್ ತಂತಿಯಿಲ್ಲದ ಬಟನ್‌ನಲ್ಲಿ ಕಿವಿಗೊಟ್ಟು ಕೂತರೆ ರೂಟರ್ ಪಕ್ಕದಲ್ಲೂ ಸಿಗ್ನಲ್ ಬಡವಾಗುತ್ತದೆ. ಪರಿಹಾರ ಒಂದೇ ಸಾಲು: ಈಟಿಸಿಯ ಮೋಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಕಾನ್ಫ್ ಎಂದು ಕೊನೆಯಾಗುವ ಹೊಸ ಫೈಲ್ ಮಾಡಿ, ‘ಆಪ್ಶನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2’ ಎಂದು ಬರೆದು ಮರುಚಾಲೂ ಮಾಡಿ. ಸರಿಯಾಗದಿದ್ದರೆ 2ರ ಜಾಗದಲ್ಲಿ 1 ಹಾಕಿ ನೋಡಿ. ಈ ಕಾರ್ಡು ಇಲ್ಲದವರು ಇದನ್ನು ಮುಟ್ಟಬೇಡಿ.

4. ದೇಶದ ಗುರುತು. ‘ಐಡಬ್ಲ್ಯೂ ರೆಗ್ ಗೆಟ್’ ಎಂದಾಗ ‘ಕಂಟ್ರಿ 00’ ಎಂದು ಬಂದರೆ ಯಾವ ದೇಶದಲ್ಲಿದ್ದೇನೆಂದು ಯಂತ್ರಕ್ಕೆ ಗೊತ್ತಿಲ್ಲ. ಆಗ ಅದು ಎಲ್ಲ ದೇಶಗಳಿಗೂ ಒಪ್ಪುವ ಅತಿ ಬಿಗಿಯಾದ ನಿಯಮ ಪಾಲಿಸುತ್ತದೆ, 5 ಗಿಗಾಹರ್ಟ್ಸ್‌ನ ಹೆಸರುಗಳು ಕಾಣದೆಯೂ ಹೋಗಬಹುದು. ‘ಸುಡೋ ಐಡಬ್ಲ್ಯೂ ರೆಗ್ ಸೆಟ್’ ಎಂದು ಬರೆದು ಭಾರತದ ಸಂಕೇತವಾದ ‘ಐಎನ್’ ಅನ್ನು ದೊಡ್ಡಕ್ಷರದಲ್ಲಿ ಕೊಡಿ. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದ ಬಳಕೆಗೆ ಮುಕ್ತವಾಗಿದೆ. ಹೆಚ್ಚು ಚಾನೆಲ್ ಸಿಗಲೆಂದು ಬೇರೆ ದೇಶದ ಸಂಕೇತ ಹಾಕುವ ಅಗತ್ಯವೂ ಇಲ್ಲ, ಅದು ಸರಿಯೂ ಅಲ್ಲ.

5. ಡಿಎನ್‌ಎಸ್. ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಸೇವೆ ಇದು. ಪಿಂಗ್ ಚೆನ್ನಾಗಿದ್ದು ಪುಟ ತೆರೆಯುವ ಮುನ್ನ ನಾಲ್ಕೈದು ಸೆಕೆಂಡು ಸುಮ್ಮನೆ ಸುತ್ತುತ್ತಿದ್ದರೆ ಇದರ ಮೇಲೆ ಅನುಮಾನ ಪಡಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಂಪರ್ಕದ ಐಪಿವಿ4 ವಿಭಾಗ ತೆರೆದು, ಡಿಎನ್‌ಎಸ್ ಎದುರಿನ ‘ಆಟೊಮ್ಯಾಟಿಕ್’ ತೆಗೆದು 1.1.1.1, 8.8.8.8 ಎಂದು ಕೊಡಿ. ವೈಫೈ ಒಮ್ಮೆ ಆರಿಸಿ ಹಚ್ಚಿ.

ವೈಫೈಯೇ ಕಾಣದಿದ್ದರೆ

‘ಆರ್‌ಎಫ್‌ಕಿಲ್ ಲಿಸ್ಟ್’ ಹಾಕಿ ‘ಬ್ಲಾಕ್ಡ್’ ಎದುರು ‘ಯೆಸ್’ ಇದೆಯೇ ನೋಡಿ. ‘ಹಾರ್ಡ್’ ಎಂದಿದ್ದರೆ ಕೀಬೋರ್ಡಿನ ವಿಮಾನ ಚಿತ್ರದ ಬಟನ್ ಅಥವಾ ಪಕ್ಕದ ಸ್ವಿಚ್ ಒತ್ತಿಹೋಗಿರುತ್ತದೆ. ವಿಂಡೋಸ್ ಕೂಡ ಇಟ್ಟುಕೊಂಡವರಲ್ಲಿ ಇನ್ನೊಂದು ಕಾರಣವಿದೆ: ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಯಂತ್ರವನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಬಿಡುತ್ತದೆ, ಆ ಸ್ಥಿತಿಯ ಕಾರ್ಡನ್ನು ಲಿನಕ್ಸ್ ಎಬ್ಬಿಸಲಾರದೆ ಹೋಗಬಹುದು. ವಿಂಡೋಸ್‌ನೊಳಗೆ ಹೋಗಿ ಅದನ್ನು ಆಫ್ ಮಾಡಿ.

ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂಬ ಇಕ್ಕಟ್ಟಿಗೆ ಸಿಕ್ಕಿದವರು ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಹಚ್ಚಿ. ಆಂಡ್ರಾಯ್ಡ್ ಫೋನಾದರೆ ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದು ಕೂಡಲೇ ಗುರುತಿಸುತ್ತದೆ.

ಸಾಮಾನ್ಯ ತಪ್ಪುಗಳು

1. ಒಟ್ಟಿಗೆ ನಾಲ್ಕು ಬದಲಾವಣೆ. ಸರಿಹೋದರೂ ಯಾವುದರಿಂದ ಎಂದು ತಿಳಿಯದು, ಕೆಟ್ಟರೆ ಹಿಂದಕ್ಕೆ ಹೋಗಲು ದಾರಿಯಿರದು.

2. ಇಂಟೆಲ್ ಕಾರ್ಡಿಗೆ ‘11ಎನ್_ಡಿಸೇಬಲ್=1’ ಹಾಕುವುದು. ಹಳೆಯ ಸಲಹೆ, ಇನ್ನೂ ಓಡಾಡುತ್ತಿದೆ. ಸಂಪರ್ಕ ಸ್ಥಿರವಾದಂತೆ ಕಂಡರೂ ಕಾರ್ಡು 54 ಮೆಗಾಬಿಟ್‌ನ ಹಳೆಯ ಕಾಲಕ್ಕೆ ಇಳಿಯುತ್ತದೆ.

3. ಹೊರಗಿನಿಂದ ತಂದ ಡ್ರೈವರನ್ನು ಅವಸರದಲ್ಲಿ ಹಾಕುವುದು. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ದಿನ ಅದು ಮುರಿದು ಬೀಳಬಹುದು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಡ್ರೈವರ್ ಏರುವುದೂ ಇಲ್ಲ. ಮೊದಲು ಸಿಸ್ಟಮ್ ಅಪ್‌ಡೇಟ್, ಆಮೇಲೆ ಹೊಸ ಕರ್ನಲ್, ಎರಡೂ ಸಾಲದಿದ್ದರೆ ಮಾತ್ರ ಇದು.

4. ಅಗ್ಗದ ಎಕ್ಸ್‌ಟೆಂಡರನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡುವುದು. ಅದಕ್ಕೇ ಸರಿಯಾಗಿ ಕೇಳಿಸದ ಮೇಲೆ ನಿಮಗೇನು ಹೇಳೀತು? ನಡುದಾರಿಯಲ್ಲಿಡಬೇಕು. ಒಂದೇ ಪಟ್ಟಿಯಲ್ಲಿ ಕೇಳಿ ಹೇಳುವ ಎಕ್ಸ್‌ಟೆಂಡರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ ಎಂಬುದೂ ನೆನಪಿರಲಿ.

ಎಚ್ಚರಿಕೆ

‘ಸುಡೋ’ದಿಂದ ಶುರುವಾಗುವ ಆಜ್ಞೆಗೆ ಯಂತ್ರದ ಪೂರ್ಣ ಅಧಿಕಾರವಿದೆ. ಅರ್ಥವಾಗದ್ದನ್ನು ನಕಲು ಮಾಡಿ ಹಾಕಬೇಡಿ. ಯಾವ ಫೈಲ್ ತಿದ್ದುವ ಮುನ್ನವೂ ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಹಳೆಯ ಕಾರ್ಡು ಸೇರಿಕೊಳ್ಳಲು ತಕರಾರು ಮಾಡಿದರೆ ರೂಟರ್‌ನ ಭದ್ರತೆಯನ್ನು ಡಬ್ಲ್ಯೂಪಿಎ3ರಿಂದ ಡಬ್ಲ್ಯೂಪಿಎ2ಕ್ಕೆ ಇಳಿಸಿ ನೋಡಬಹುದು. ಅದಕ್ಕಿಂತ ಕೆಳಗೆ, ಪಾಸ್‌ವರ್ಡ್ ಇಲ್ಲದ ಸ್ಥಿತಿಗೆ ಮಾತ್ರ ಎಂದೂ ಹೋಗಬೇಡಿ. ಗೋಡೆಗೆ ಗೋಡೆ ಅಂಟಿದ ಕಟ್ಟಡದಲ್ಲಿ ನಿಮ್ಮ ಸಂಪರ್ಕ ಯಾರ ಕೈಗೆ ಸಿಗುತ್ತದೆಂದು ಹೇಳಲಾಗದು.

ಯಾವಾಗ ನಿಲ್ಲಿಸಬೇಕು?

ಎಲ್ಲ ಮಾಡಿಯೂ ಕಾರ್ಡು ಬಗ್ಗದಿದ್ದರೆ ಅದರೊಂದಿಗೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಮೀಡಿಯಾಟೆಕ್ ಎಂಟಿ7902ರಂಥ ಕೆಲವು ಕಾರ್ಡುಗಳಿಗೆ ಬಹುಕಾಲ ಲಿನಕ್ಸ್ ಡ್ರೈವರೇ ಇರಲಿಲ್ಲ. ಆಗ ಯುಎಸ್‌ಬಿ ವೈಫೈ ಡಾಂಗಲ್ ಕೊಳ್ಳುವುದೇ ಜಾಣತನ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವೇಗ ನೋಡಬೇಡಿ, ಒಳಗಿನ ಚಿಪ್ ಕೇಳಿ. ಮೀಡಿಯಾಟೆಕ್ ಎಂಟಿ7612ಯು, ಎಂಟಿ7921ಎಯು ಚಿಪ್‌ಗಳ ಡ್ರೈವರ್ ಕರ್ನಲ್‌ನೊಳಗೇ ಇದೆ. ಈಚಿನ ಉಬುಂಟು, ಮಿಂಟ್‌ಗಳಲ್ಲಿ ಚುಚ್ಚಿದರೆ ಸಾಕು. ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುವವರಿಗೆ ರೂಟರ್‌ನಿಂದ ಎಳೆದ ಲ್ಯಾನ್ ಕೇಬಲ್ ಇನ್ನೂ ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿಯಿಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ.

ಇಂದು ಸಂಜೆಯೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದಿಡಿ: ರೂಟರ್‌ಗೆ ಪಿಂಗ್ ಎಷ್ಟು, 8.8.8.8ಕ್ಕೆ ಎಷ್ಟು, ಸಿಗ್ನಲ್ ಎಷ್ಟು ಡಿಬಿಎಂ, ಯಾವ ಚಾನೆಲ್. ಪ್ರತಿ ಬದಲಾವಣೆಯ ನಂತರ ಕೆಳಗೆ ಹೊಸ ಅಂಕಿ ಬರೆಯಿರಿ. ಕಂಪನಿಯವರೊಂದಿಗೆ ಮಾತಾಡುವಾಗ, ಲಿನಕ್ಸ್ ಬಲ್ಲವರ ನೆರವು ಕೇಳುವಾಗ ಈ ಹಾಳೆ ಮತ್ತು ಕಾರ್ಡಿನ ಹೆಸರು ನಿಮ್ಮ ಕೈಯಲ್ಲಿರಲಿ. ‘ನೆಟ್ ಸ್ಲೋ ಇದೆ’ ಎಂಬ ದೂರಿಗೆ ಯಾರೂ ಏನೂ ಮಾಡಲಾರರು. ‘ರೂಟರ್‌ಗೆ 3 ಮಿಲಿಸೆಕೆಂಡು, ಹೊರಗೆ 400’ ಎಂದು ಅಂಕಿ ಸಮೇತ ಹೇಳಿದವರಿಗೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಹೇಳಿ ಯಾರೂ ಜಾರಿಕೊಳ್ಳಲಾಗದು.